ತಿಕ್ಕಿದ ಬಾಗಿಲು

ಶುಕ್ರಗ್ರಹದ ನಮ್ಮ ಓಣಿಯಲ್ಲಿ ಉಕ್ಕಿನ ಬಾಗಿಲು ಕಾದು ಕಂದುನೀಲಿಯಾಗಿದ್ದರೇ ಮನೆ ಕ್ಷೇಮ. ಹೊರಗಿನ ಬೆಂಕಿಗಾಳಿಯನ್ನು ತಡೆಯುವುದು ಕಾದ ಉಕ್ಕಿನ ಮೇಲೆ ಕಟ್ಟುವ ಆ ಕಂದುನೀಲಿ ತೆಳು ಪೊರೆಯೇ. ಬಂದ ಸಂಬಂಧಗಳೆಲ್ಲ ಕೈತಪ್ಪಿದ್ದ ದಾನೇಶ್ವರಿಯನ್ನು ನೋಡಲು ಅಂತೂ ಗಂಡಿನವರು ಬಂದು ಕೂತಿದ್ದರು. ಆಗಲೇ ತಪಾಸಣೆಯ ಫಕೀರಪ್ಪ ಶಾಖಕವಚ ತೊಟ್ಟು ಹೊರಗೆ ನಿಂತು ಬಾಗಿಲಿಗೆ ಇನ್‌ಫ್ರಾರೆಡ್ ದೀಪ ಹಿಡಿದವನು ರೇಡಿಯೊದಲ್ಲಿ ಕೂಗಿದ.

“ಪೊರೆಯ ಗುರುತೇ ಬರವಲ್ದು! ಯಾರು ತಿಕ್ಕಿದ್ರಿ ಇದನ್ನ?”

“ಬೀಗರು ಬರ್ತಾರಂತ ನಾನೇ ಕವಚ ಹಾಕ್ಕೊಂಡು ಹೊರಗ ಹೋಗಿ ಹುಣಸೆಹುಳಿ ಹಚ್ಚಿ ತಿಕ್ಕೀನೋ ಯಪ್ಪಾ,” ಎಂದಳು ಅಜ್ಜಿ ನೀಲವ್ವ. “ಕರ್ರಗಿದ್ರ ಏನಂದಾರು?”

“ಛಲೋ ಆತು! ಹೊಸ ಪೊರೆ ಕಟ್ಟೂತನಕ ಒಂದು ತಿಂಗಳು ಬಾಗಿಲು ತೆಗೆಯಂಗಿಲ್ಲ. ಒಳಗಿದ್ದವರು ಒಳಗ ಇರ್ರಿ.”

ಗಂಡಿನ ತಾಯಿ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟಳು. ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ ದಾನೇಶ್ವರಿ ನೆಟ್ಟಗೆ ಹುಡುಗನ ಮುಖ ನೋಡಿದಳು.

“ರೊಟ್ಟಿ ಬಡಿಯಾಕ ಬರ್ತದೇನ್ರಿ ನಿಮಗ?”