ಬಾಗಿಲು ಓದಿದ್ದು

ಸಂಜೆಯಾದರೆ ಓಣಿಯ ಬಾಗಿಲುಗಳು ಮಾತಾಡುತ್ತಿದ್ದವು. ಆನ್‌ಲೈನ್ ಪೇಟೆಯಲ್ಲಿ ಮಾರುವವರ ಮನೆಬಾಗಿಲೇ ಗಿರಾಕಿಗಳ ಅಭಿಪ್ರಾಯವನ್ನು ಗಟ್ಟಿಯಾಗಿ ಓದಬೇಕೆಂಬುದು ಪೇಟೆಯ ನಿಯಮ. ಗುರೆಳ್ಳು ಚಟ್ನಿಪುಡಿ ಮಾರುತ್ತಿದ್ದವರು ಶಶಿರೇಖಾ ಮತ್ತು ಎದುರುಮನೆಯ ನೀಲವ್ವ. ಇಬ್ಬರಲ್ಲಿ ಗಿರಾಕಿಗಳ ನಕ್ಷತ್ರಗಳಲ್ಲಿ ಹಿಂದೆ ಬಿದ್ದವರ ಅಂಗಡಿಯನ್ನು ಪೇಟೆ ಇವತ್ತು ಮುಚ್ಚಲಿತ್ತು.

ನೀಲವ್ವನ ಬಾಗಿಲು ಗಂಟಲು ಸರಿಮಾಡಿಕೊಂಡು ಓದಿತು: “ಹೆಸರು ಹೇಳದ ಗಿರಾಕಿ. ಒಂದೇ ನಕ್ಷತ್ರ. ಹರಟೆ ಹೊಡೆಯುತ್ತ ಹುರಿದು ಗುರೆಳ್ಳು ಸೀಯಿಸಿದ್ದಾರೆ.”

“ನೀಲವ್ವಾ, ಆ ಪೇಟ್ಯಾಗ ಬಾಯಿಗೆ ಮುಚ್ಚಳ ಮಾರ್ತಾರೇನ್ ನೋಡು!” ಎಂದು ಕಟ್ಟೆಯ ಮೇಲಿದ್ದ ಬಸಣ್ಣ ನಕ್ಕ.

ಅದನ್ನು ಬರೆದವಳು ಶಶಿರೇಖಾ. ಎಷ್ಟು ಹುಡುಕಿದರೂ ಬೇರೆ ಹುಳುಕು ಸಿಕ್ಕಿರಲಿಲ್ಲ. ಈಗ ತನ್ನ ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದವಳಿಗೆ ತಾನು ಸಿಕ್ಕಿಬಿದ್ದದ್ದು ಹೊಳೆಯಿತು. ಒಬ್ಬರ ಮನೆಯಲ್ಲಿ ಹುರಿಯುವಾಗ ಇನ್ನೊಬ್ಬರು ನೆರವಿಗೆ ಹೋಗುವುದು ಅವರ ರೂಢಿ. ಗುರೆಳ್ಳು ಸೀದ ದಿನ ನೀಲವ್ವನ ಒಲೆಯ ಮುಂದೆ ಕೂತು ಹರಟಿದವಳು, ಸೀಯಿಸಿದವಳು ಶಶಿರೇಖಾಳೇ. ಅದು ಗೊತ್ತಿದ್ದದ್ದು ಇಬ್ಬರಿಗೇ.

ನೀಲವ್ವ ಅವಳನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಕಟ್ಟೆಯ ಕಡೆ ತಿರುಗಿ, “ಖರೇನ ಐತಿ ಬಸಣ್ಣಾ. ಲಕ್ಷ್ಯ ನಂದ ತಪ್ಪಿತ್ತು” ಎಂದಳು.

ಅಷ್ಟರಲ್ಲಿ ಶಶಿರೇಖಾಳ ಬಾಗಿಲು ಹಿಗ್ಗಿನಿಂದ ಕೂಗತೊಡಗಿತು: “ಅಭಿನಂದನೆ! ಇನ್ನು ಈ ಓಣಿಗೆ ನೀವೊಬ್ಬರೇ!”

ಅದರ ದನಿ ಅಡಗಿಸಲು ಅವಳು ಬಾಗಿಲಿಗೆ ಬೆನ್ನು ಒತ್ತಿ ನಿಂತಳು. ಕೂಗು ಅವಳ ಎದೆಯೊಳಗಿಂದಲೇ ಬರುತ್ತಿರುವಂತೆ ಕೇಳಿಸಿತು.