ಹತ್ತು ಸಾವಿರದ ಒಂದನೆಯ ಟೈಲ್

"ಒಂದು ಟೈಲ್ ಹೊರಗೆ ಇರ್ಬೇಕಿತ್ತಲ್ಲಮ್ಮ, ಎಲ್ಲಿ ಅದು?" ಗೋಡೆಯ ಮೇಲಿನ ಬಟ್ಟೆ ಸರಿಸಿದ ಗಣಿತದ ಮೇಷ್ಟ್ರು ಗಾಬರಿಯಿಂದ ಕೇಳಿದರು.

"ಎಲ್ಲಾ ಒಳಗೇ ಸೇರ್ಕೊಂಡ್ವು ಸರ್," ಟೈಲ್ಸ್ ಹಾಕುವವಳು ಕೈಗಂಟಿದ ಸಿಮೆಂಟು ಉಜ್ಜಿಕೊಳ್ಳುತ್ತ ಹೇಳಿದಳು. "ಒಂದೂ ಉಳೀಲಿಲ್ಲ."

ನಿವೃತ್ತಿಯ ನೆನಪಿಗೆಂದು ಶಾಲೆಯ ಗೋಡೆಗೆ ಮೇಷ್ಟ್ರು ಕೊಡಿಸಿದ್ದು ಹೆಬ್ಬೆರಳಗಲದ ಹತ್ತು ಸಾವಿರದ ಒಂದು ಟೈಲ್. ಅವರು ಜೋಡಿಸಲು ಹೇಳಿದ್ದು ನೂರು ಸಾಲು, ಸಾಲಿಗೆ ನೂರು. ಮಿಕ್ಕ ಒಂದು ಮಾತ್ರ ದೂರದಲ್ಲಿ, ಒಂಟಿಯಾಗಿ. ಹತ್ತು ಸಾವಿರದ ಒಂದು ಅವಿಭಾಜ್ಯ ಸಂಖ್ಯೆ, ಎಷ್ಟು ತಿಣುಕಿದರೂ ಸಮಸಾಲುಗಳಲ್ಲಿ ಕೂರುವುದಿಲ್ಲ ಎಂದು ಮೂವತ್ತಾರು ವರ್ಷ ಮಕ್ಕಳ ತಲೆಗೆ ತುಂಬಿದ್ದರು. ಮಕ್ಕಳು ಬೆನ್ನ ಹಿಂದೆ ಅವರನ್ನೇ 'ಹತ್ತು ಸಾವಿರದ ಒಂದು' ಎನ್ನುತ್ತಿದ್ದರು. ಒಳಗೊಳಗೆ ಅವರಿಗದು ಖುಷಿಯೇ. ಗೋಡೆಯ ಅನಾವರಣಕ್ಕೆ ಇನ್ನೇನು ಅತಿಥಿಗಳು ಬರುವ ಹೊತ್ತು.

"ಎಲ್ಲೋ ಎಣಿಕೆ ತಪ್ಪಿದೀಯ."

"ನೀವೇ ಎಣಿಸ್ಕೊಳ್ಳಿ. ಎಪ್ಪತ್ಮೂರು ಸಾಲು, ಸಾಲಿಗೆ ನೂರ ಮೂವತ್ತೇಳು."

ಮೇಷ್ಟ್ರು ಜೇಬಿನಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೇ ಗುಣಿಸಿದರು. ಅಳಿಸಿ ಮತ್ತೆ ಗುಣಿಸಿದರು. ಹತ್ತು ಸಾವಿರದ ಒಂದು! ಬಿದ್ದೆನೋ ಕೆಟ್ಟೆನೋ ಎಂದು ತಮ್ಮ ತರಗತಿಗೆ ಓಡಿದರು. ಕೆಲಸಕ್ಕೆ ಸೇರಿದ ವರ್ಷ ತಾವೇ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದ್ದ ನೂರರೊಳಗಿನ ಅವಿಭಾಜ್ಯಗಳ ಪಟ್ಟಿ ಅಲ್ಲಿತ್ತು. ಅದರಲ್ಲಿದ್ದ ಒಂದೊಂದರಿಂದಲೂ ಭಾಗಿಸಿ ನೋಡಿಯೇ ಅವರು ಹತ್ತು ಸಾವಿರದ ಒಂದು ಅವಿಭಾಜ್ಯವೆಂಬ ತೀರ್ಮಾನಕ್ಕೆ ಬಂದದ್ದು. ಎಪ್ಪತ್ತೊಂದು. ಅದರ ಪಕ್ಕ ಎಪ್ಪತ್ತೊಂಬತ್ತು. ನಡುವೆ ಇರಬೇಕಿದ್ದ ಎಪ್ಪತ್ತಮೂರು ಬರೆಯುವಾಗಲೇ ಬಿಟ್ಟುಹೋಗಿತ್ತು.

"ಇಷ್ಟು ವರ್ಷ ಒಬ್ಬರೂ ಹೇಳಲಿಲ್ವಲ್ಲ!"

"ನಾನು ಹೇಳಿದ್ದೆ ಸರ್." ಅವಳು ಬಾಗಿಲಲ್ಲಿ ನಿಂತಿದ್ದಳು. "ಏಳನೇ ಕ್ಲಾಸಲ್ಲಿ. ಎಪ್ಪತ್ಮೂರರಿಂದ ಹೋಗತ್ತೆ ಅಂದೆ. ಗೋಡೆ ಮೇಲಿಲ್ಲದ್ದನ್ನ ಹೇಳ್ತೀಯಾ ಅಂತ ಬೆಂಚ್ ಮೇಲೆ ನಿಲ್ಲಿಸಿದ್ರಿ, ವಾರಪೂರ್ತಿ. ಆಮೇಲೆ ನಾನು ಸ್ಕೂಲ್ ಕಡೆ ತಲೆ ಹಾಕ್ಲಿಲ್ಲ."

ಮೇಷ್ಟ್ರು ಅವಳ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದರು. ಎಷ್ಟು ತಡಕಿದರೂ ಆ ಹುಡುಗಿ ನೆನಪಿಗೆ ಬರಲಿಲ್ಲ. ತಪ್ಪಿದ ಲೆಕ್ಕಕ್ಕಿಂತ ಅದೇ ಅವರನ್ನು ಹೆಚ್ಚು ನಡುಗಿಸಿತು.

ಹೊರಗೆ ಕಾರು ಬಂದು ನಿಂತ ಸದ್ದಾಯಿತು.

"ಸಿಮೆಂಟ್ ಇನ್ನೂ ಹಸಿ ಇದೆ," ಅವಳ ದನಿ ಮೆತ್ತಗಾಯಿತು. "ಬೇಕಾದ್ರೆ ಒಂದನ್ನ ಕಿತ್ತು ಹೊರಗಿಡ್ತೀನಿ. ಬಂದೋರಿಗೆ ಏನು ಗೊತ್ತಾಗತ್ತೆ?"

"ಮುಟ್ಬೇಡ." ಮೇಷ್ಟ್ರು ತರಗತಿಯ ಬೆಂಚುಗಳತ್ತ ತಿರುಗಿದರು. "ನೀನು ನಿಂತಿದ್ದು ಯಾವ ಬೆಂಚಮ್ಮ?"

ಅವಳು ಕಿಟಕಿ ಪಕ್ಕದ್ದನ್ನು ತೋರಿಸಿದಳು.

ಹೂಗುಚ್ಛ ಹಿಡಿದು ತರಗತಿಗೆ ಬಂದ ಅತಿಥಿಗಳು ಹೊಸ್ತಿಲಲ್ಲೇ ದಂಗಾಗಿ ನಿಂತರು. ಚಪ್ಪಲಿ ಬಿಚ್ಚಿಟ್ಟ ಮೇಷ್ಟ್ರು, ಆ ಬೆಂಚಿನ ಮೇಲೆ, ಪಟ್ಟಿಯ ಕಡೆ ಮುಖ ಮಾಡಿ ಕೈಕಟ್ಟಿ ನಿಂತಿದ್ದರು.