ಥರ್ಮಾಕೋಲ್ ಗುಂಡಿ

"ಇನ್ನೂ ಸ್ವಲ್ಪ ಕುಗ್ಗಿ ಕೂತ್ಕೊಳಿ ಅಕ್ಕ. ಊರಲ್ಲಿ ಗುಂಡಿಗಿಳಿದಾಗ ಮುಖದಲ್ಲಿ ಒಂದು ಆಕ್ರೋಶ ಇರುತ್ತಲ್ಲ, ಅದು ಬರ್ಬೇಕು," ಎಂದಳು ಭೂಹಕ್ಕು ಒಕ್ಕೂಟದ ರಾಗಿಣಿ. ವಿಜಯನಗರದ ಸಭಾಂಗಣದ ವೇದಿಕೆಯ ಮೇಲೆ, ಮಣ್ಣಿನ ಬಣ್ಣ ಬಳಿದ ಥರ್ಮಾಕೋಲ್ ಗುಂಡಿಯೊಳಗೆ ಹನುಮಕ್ಕ ಕೂತಿದ್ದಳು. ಅಕ್ಕಪಕ್ಕದ ಗುಂಡಿಗಳಲ್ಲಿ ಅವಳ ಊರಿನ ಹೆಂಗಸರು. ಕೆಳಗೆ, ನಾಡಿನ ನೆಲಜಲಕ್ಕಾಗಿ ಹೋರಾಡುವವರೆಲ್ಲ ಉಪ್ಪಿಟ್ಟು, ಕಾಫಿ ಮುಗಿಸಿ ಕೊರಳಿಗೆ ಬ್ಯಾಡ್ಜು ತೂಗುಹಾಕಿಕೊಂಡು ಆಸೀನರಾಗಿದ್ದರು.

ತಾವರೆಕೆರೆ ಆಚೆಯ ಇವರ ಗೋಮಾಳದಲ್ಲಿ ಲೇಔಟಿನವರು ಗಡಿಕಲ್ಲು ನೆಡಲು ಗುಂಡಿ ತೋಡಿದಾಗಲೆಲ್ಲ ಈ ಹೆಂಗಸರು ಒಬ್ಬೊಬ್ಬರು ಒಂದೊಂದಕ್ಕೆ ಇಳಿದು ಕೂತುಬಿಡುತ್ತಿದ್ದರು. ಗಂಡಸರು ಅಡ್ಡ ನಿಂತರೆ ಕೇಸು ಬೀಳುತ್ತಿತ್ತು. ಹೆಂಗಸರನ್ನು ಎತ್ತಿ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಕಲ್ಲು ಬಂದ ಲಾರಿಯಲ್ಲೇ ವಾಪಸ್ ಹೋಗುತ್ತಿತ್ತು. ಒಕ್ಕೂಟದ ಸಂಚಾಲಕರಾದ ಮುರಳೀಕೃಷ್ಣ ಇದಕ್ಕೆ 'ಪ್ರತಿರೋಧದ ದೇಹಭಾಷೆ' ಅಂತ ಹೆಸರಿಟ್ಟು, ಪುಸ್ತಿಕೆ ತಂದು, ಅದರ ಪ್ರಾತ್ಯಕ್ಷಿಕೆಗೆಂದು ಇವತ್ತು ಊರಿನ ಹೆಂಗಸರನ್ನೆಲ್ಲ ಬಸ್ಸು ಮಾಡಿ ಕರೆಸಿದ್ದರು.

ಹನುಮಕ್ಕನ ಫೋನು ಬಡಿದುಕೊಂಡಿತು. ಊರಿಂದ ಮೈದುನ ತಿಮ್ಮಯ್ಯ.

"ಅತ್ಗೆ, ಕಲ್ಲಿನ ಲಾರಿ ಬಂದೈತೆ. ಜೆಸಿಬಿ ಬಿಟ್ಟು ಗುಂಡಿ ತೋಡಿಸ್ತಾ ಅವ್ರೆ. ಕೇಳಿದ್ರೆ ಮೊಬೈಲ್ ತೆಗೆದು ನಿಮ್ಮ ಪೋಸ್ಟರ್ ತೋರಿಸ್ತಾನೆ ಆ ಲೇಔಟಿನ ಬಡ್ಡಿಮಗ. 'ಇವತ್ತು ನಿಮ್ ಹೆಂಗಸ್ರಿಗೆಲ್ಲ ವಿಜಯನಗರದಲ್ಲಿ ಪ್ರೋಗ್ರಾಮ್ ಅಲ್ವಾ, ಅದಕ್ಕೇ ಬಂದ್ವಿ' ಅಂತಾನೆ. ಇನ್ನೂ ಕಲ್ಲು ಇಳಿಸಿಲ್ಲ, ಬೇಗ ಬನ್ನಿ!"

ಹನುಮಕ್ಕ ಎದ್ದ ರಭಸಕ್ಕೆ ಗುಂಡಿಯ ಒಂದು ಅಂಚು ಮುರಿದು ಬಿತ್ತು. "ಬಸ್ಸು ಕರೀರಿ ಮೇಡಂ. ಕಲ್ಲು ಒಂದ್ಸಲ ನಿಂತ್ರೆ ಬೇಲಿ ಎಳೀತಾರೆ. ಆಮೇಲೆ ದನ ಎಲ್ಲಿಗ್ ಹೊಡಿಯೋಣ? ಈಗ್ಲೇ ಹೋಗ್ಬೇಕು."

"ಅಯ್ಯೋ, ಬಸ್ಸು ಕೆಂಗೇರಿ ಸ್ಟೇಷನ್‌ಗೆ ಹೋಗಿದೆ ಅಕ್ಕ. ಮೈಸೂರಿನ ಪ್ರತಿನಿಧಿಗಳನ್ನ ಕರ್ಕೊಂಡ್ ಬರ್ಬೇಕಲ್ಲ. ಆಮೇಲೆ ಊಟ, ಗ್ರೂಪ್ ಫೋಟೋ..." ಮುರಿದ ಅಂಚನ್ನು ಜೋಡಿಸುತ್ತಾ ರಾಗಿಣಿ ಹೇಳಿದಳು.

ಅಷ್ಟರಲ್ಲಿ ಮುರಳೀಕೃಷ್ಣ ಹತ್ತಿರ ಬಂದಿದ್ದರು. ವಿಷಯ ಕೇಳಿ ಅವರ ಕಣ್ಣು ಮಿನುಗಿತು. ಹನುಮಕ್ಕನ ಕೈಯಿಂದ ಫೋನು ತೆಗೆದುಕೊಂಡು, ಸ್ಪೀಕರ್ ಒತ್ತಿ, ಮೈಕಿಗೆ ಹಿಡಿದರು. "ಗೆಳೆಯರೇ, ಇದು ನೇರವಾಗಿ ಹೋರಾಟದ ನೆಲದಿಂದ!"

"ಅತ್ಗೆ, ಹೊರಟ್ರಾ? ಮೊದಲನೇ ಕಲ್ಲು ಇಳಿಸ್ತಾ ಅವ್ರೆ ಅತ್ಗೆ..." ತಿಮ್ಮಯ್ಯನ ದನಿಯ ಹಿಂದೆ ಜೆಸಿಬಿಯ ಗುರುಗುರು ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ನಿವೃತ್ತ ಅಧಿಕಾರಿ ಸೇತುರಾಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಯಾರೋ ಎದ್ದು ನಿಂತರು. ನೋಡನೋಡುತ್ತ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಚಪ್ಪಾಳೆ ಯಾರ್ ಹೊಡೀತಿರೋದು? ಥೂ ನಿಮ್ಮ! ಇಲ್ಲಿ ಅವ್ರು ಕಲ್ಲಿಗೆ ತೆಂಗಿನಕಾಯಿ ಹೊಡೀತಾ ಅವ್ರೆ, ಅಲ್ಲಿ ನೀವು..." ಎಂದು ಸ್ಪೀಕರಿನಲ್ಲಿ ತಿಮ್ಮಯ್ಯ ಕಿರುಚಿದ.

ಹನುಮಕ್ಕ ಫೋನು ಕಿತ್ತುಕೊಂಡಳು. ಜೊತೆಗೆ ಮೈಕನ್ನೂ. "ಚಪ್ಪಾಳೆ ಹೊಡೆದವ್ರಲ್ಲಿ ಯಾರ್ಯಾರು ಕಾರು ತಂದಿದೀರಿ, ಕೈ ಎತ್ತಿ ಸ್ವಾಮಿ. ಮಾಗಡಿ ರೋಡ್ ಹಿಡಿದ್ರೆ ಒಂದ್ ಗಂಟೆಯೊಳಗೆ ನಮ್ಮೂರು. ನಮ್ಮನ್ನ ಬಿಟ್ಟು ಬಂದ್ಬಿಡಿ ಸಾಕು. ನೀವು ಕೆಳಗೂ ಇಳೀಬೇಡಿ. ಗುಂಡೀಲಿ ನಾವೇ ಕೂರ್ತೀವಿ."

ಈಗಷ್ಟೇ ಅಷ್ಟು ಸದ್ದು ಮಾಡಿದ ಕೈಗಳಿಗೆ ತಕ್ಷಣ ಬೇರೆ ಕೆಲಸ ಸಿಕ್ಕಿತು. ಕೆಲವು ಬ್ಯಾಗಿನ ಜಿಪ್ಪು ಎಳೆದವು, ಕೆಲವು ಬ್ಯಾಡ್ಜು ಸರಿಮಾಡಿದವು, ಮಿಕ್ಕವು ಮೊಬೈಲು ತಿಕ್ಕಿದವು.

"ಬರಬಹುದಿತ್ತು ಕಣಮ್ಮ," ಎಂದರು ಸೇತುರಾಮ, ಒದ್ದೆಗಣ್ಣು ಇನ್ನೂ ಆರಿರಲಿಲ್ಲ, "ಆದ್ರೆ ಮುಂದಿನ ಗೋಷ್ಠಿಗೆ ನಾನೇ ಅಧ್ಯಕ್ಷ."

ಮುರಳೀಕೃಷ್ಣ ಇನ್ನೊಂದು ಮೈಕು ಎತ್ತಿಕೊಂಡು ಸಭೆಯ ಮಾನ ಕಾಪಾಡಿದರು. "ಹನುಮಕ್ಕ ಕೇಳ್ತಿರೋದು ಬರೀ ಕಾರನ್ನಲ್ಲ ಗೆಳೆಯರೇ. ಕಾರು ಇಲ್ಲಿ ಒಂದು ರೂಪಕ. ಆಕೆ ನಗರದ ಮಧ್ಯಮವರ್ಗದ ಆತ್ಮಸಾಕ್ಷಿಯನ್ನ ಕೇಳ್ತಿದಾರೆ. ಇದನ್ನ ಸಂಜೆಯ ನಿರ್ಣಯದಲ್ಲಿ ಸೇರಿಸೋಣ."

"ಅದನ್ನೆಲ್ಲ ನೀವೇ ಇಟ್ಕೊಳಿ ಸಾರ್. ನಾನ್ ಕೇಳಿದ್ದು ಕಾರು."

ಅದಕ್ಕೂ ಚಪ್ಪಾಳೆ ಬಿತ್ತು. ಹನುಮಕ್ಕ ಮೈಕನ್ನು ಗುಂಡಿಯೊಳಗೆ ಎಸೆದು ಕೆಳಗಿಳಿದಳು. ಮಿಕ್ಕ ಹೆಂಗಸರೂ ಹಿಂದೆಯೇ ಇಳಿದರು. "ಆಟೋದವ್ರು ಅಷ್ಟು ದೂರ ಬರ್ತಾರೇನೇ?" ಎಂದಳು ಒಬ್ಬಳು. "ಬರದಿದ್ರೆ ಬಸ್ಸು, ಬಸ್ಸಿಲ್ದಿದ್ರೆ ಕಾಲು. ನಡಿ ಸುಮ್ನೆ," ಎಂದಳು ಹನುಮಕ್ಕ.

ಹೊರಗೆ ಕಾಂಪೌಂಡಿನ ತುಂಬ ಕಾರು. ಗೇಟಿನವರೆಗೂ ಒಂದಕ್ಕೊಂದು ತಾಗುವಂತೆ ನಿಲ್ಲಿಸಿದ್ದರು. ಎಲ್ಲದರ ಹಿಂದಿನ ಗಾಜಿಗೂ ಬೆಳಿಗ್ಗೆ ತಾನೇ ಅಂಟಿಸಿದ 'ಗೋಮಾಳ ನಮ್ಮ ಉಸಿರು' ಎಂಬ ಹಸಿರು ಸ್ಟಿಕ್ಕರು. ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೈ ಅಡ್ಡಡ್ಡ ಮಾಡಿ, ಸಂದಿಯಲ್ಲಿ ಒಬ್ಬೊಬ್ಬರಾಗಿ ನುಸುಳಿದರು. ಆತುರದಲ್ಲಿ ಹನುಮಕ್ಕನ ಮೊಣಕೈ ಒಂದು ಕಾರಿಗೆ ಬಡಿಯಿತು. ಕಾರು ಪೀಂ ಪೀಂ ಎಂದು ಅರಚಿಕೊಳ್ಳತೊಡಗಿತು.

ಆಗ ಸಭಾಂಗಣದಿಂದ ಒಬ್ಬರು ಓಡಿ ಬಂದರು. ಸೇತುರಾಮ. ಕೈಯಲ್ಲಿ ಕೀ. "ತಡೀರಿ, ತಡೀರಿ!" ಎಂದು ಏದುಸಿರು ಬಿಡುತ್ತಾ ಬಂದವರು ಹೆಂಗಸರನ್ನು ಪಕ್ಕಕ್ಕೆ ಸರಿಸಿ, ಮಂಡಿಯೂರಿ ಕೂತು, ತಮ್ಮ ಕಾರಿನ ಬಾಗಿಲನ್ನು ಅಂಗೈಯಿಂದ ಸವರಿ ನೋಡತೊಡಗಿದರು.